ಬುಲ್ ಎಂಬ ಇಂಗ್ಲಿಷ್ ಪದ

ಬುಲ್: ಬೀಜ ಒಡೆಯದ ಗಂಡು ದನ ಎಂಬುದು ಈ ಪದಕ್ಕೆ ಇಂಗ್ಲಿಷ್ ನಿಘಂಟುಗಳು ಕೊಡುವ ಮೊದಲ ಅರ್ಥ. ಅಷ್ಟಕ್ಕೇ ಅದು ನಿಲ್ಲುವುದಿಲ್ಲ. ಬೆಲೆ ಏರುತ್ತದೆಂದು ನಂಬಿ ಷೇರು ಕೊಳ್ಳುವವನು ಬುಲ್. ಪೋಪರು ಸೀಸದ ಮುದ್ರೆ ತೂಗುಹಾಕಿ ಹೊರಡಿಸುವ ಆಜ್ಞಾಪತ್ರವೂ ಬುಲ್. ತನ್ನನ್ನು ತಾನೇ ಅಲ್ಲಗಳೆಯುವ ಮಾತು, ಬುರುಡೆ, ಸಲಗ, ಗಂಡು ತಿಮಿಂಗಿಲ, ಬಾಣದ ಗುರಿಯ ನಡುಬಿಂದು, ಎಲ್ಲದರಲ್ಲೂ ಬುಲ್ ಇದೆ. ಇವೆಲ್ಲ ಒಂದೇ ಗೂಳಿಯ ಬೇರೆ ಬೇರೆ ಅವತಾರಗಳೆಂದು ತಿಳಿಯುವುದು ಸಹಜ, ಇಂಗ್ಲಿಷರೇ ಹಾಗೆ ತಿಳಿದಿರುವುದುಂಟು. ವಾಸ್ತವದಲ್ಲಿ ಒಂದೇ ಕಾಗುಣಿತದ ಕೆಳಗೆ ಕನಿಷ್ಠ ಮೂರು ಬೇರೆ ವಂಶಗಳು ಬಾಳುತ್ತಿವೆ. ಒಂದು ಪ್ರಾಣಿಯದು, ಇನ್ನೊಂದು ಲ್ಯಾಟಿನ್ನಿನ ನೀರ್ಗುಳ್ಳೆಯದು, ಮೂರನೆಯದು ಹಳೆಯ ಫ್ರೆಂಚಿನ ಮೋಸದ್ದು. ಎಲ್ಲಿ ಕೊಂಬಿದೆ, ಎಲ್ಲಿ ಇಲ್ಲ ಎಂದು ಬಿಡಿಸಿ ನೋಡದಿದ್ದರೆ ಈ ಪದದ ಚರಿತ್ರೆ ಕೈಗೆ ಸಿಗುವುದಿಲ್ಲ.

ಪ್ರಾಣಿ

ಗಂಡು ದನ ಎಂಬರ್ಥದ ಬುಲ್ ಜರ್ಮ್ಯಾನಿಕ್ ಮೂಲದ್ದು. ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ 'ಬೋಲಿ' ಇದರ ಹತ್ತಿರದ ನೆಂಟ. ಹಳೆಯ ಇಂಗ್ಲಿಷಿನಲ್ಲಿ 'ಬುಲುಕ್' ಎಂದರೆ ಎಳೆಯ ಹೋರಿ. ಅದೇ ಇಂದಿನ ಬುಲಕ್. ಅರ್ಥ ಮಾತ್ರ ಬದಲಾಗಿದೆ. ಈಗ ಬುಲಕ್ ಎಂದರೆ ಬೀಜ ಒಡೆದ ಪ್ರಾಣಿ, ಅಂದರೆ ನಮ್ಮ ಎತ್ತು. ಕನ್ನಡದ ರೈತ ಎತ್ತು, ಹೋರಿ, ಗೂಳಿ, ಬಸವ ಎಂದು ಕೆಲಸ, ವಯಸ್ಸು, ಹರಕೆಗಳನ್ನು ನೋಡಿ ಬೇರೆ ಬೇರೆ ಹೆಸರಿಡುತ್ತಾನೆ. ಇಂಗ್ಲಿಷ್ ಇವುಗಳಲ್ಲಿ ಎತ್ತನ್ನು ಬಿಟ್ಟು ಉಳಿದವನ್ನೆಲ್ಲ ಬುಲ್ ಎಂಬ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿಹಾಕುತ್ತದೆ. ಬೆಂಗಳೂರಿನ ಬಸವನಗುಡಿಗೆ ಇಂಗ್ಲಿಷಿನಲ್ಲಿ ಬುಲ್ ಟೆಂಪಲ್ ಎಂಬ ಹೆಸರು ಬಂದದ್ದು ಹೀಗೆ. ದೊಡ್ಡ ಬಸವಣ್ಣನನ್ನು ಯಾವ ಕನ್ನಡಿಗನೂ ಗೂಳಿ ಎನ್ನುವುದಿಲ್ಲ. ವೃಷಭ ಎಂಬ ಸಂಸ್ಕೃತ ಪದ ಬಸವ ಆಗುವಷ್ಟರಲ್ಲಿ ಅದಕ್ಕೆ ಭಕ್ತಿ ಅಂಟಿಕೊಂಡಿತ್ತು. ಬುಲ್ ಟೆಂಪಲ್ ರಸ್ತೆ ಎಂಬ ಅನುವಾದ ತಪ್ಪಲ್ಲ, ಒರಟು.

ದನದಿಂದ ಹೊರಟ ಪದ ದೊಡ್ಡ ಪ್ರಾಣಿಗಳ ಗಂಡುಗಳಿಗೆಲ್ಲ ಹಬ್ಬಿತು. ಆನೆ, ತಿಮಿಂಗಿಲ, ಸೀಲ್, ಮೂಸ್, ಮೊಸಳೆ ಇವುಗಳ ಗಂಡು ಇಂಗ್ಲಿಷಿನಲ್ಲಿ ಬುಲ್. ಆನೆ, ತಿಮಿಂಗಿಲಗಳ ಹೆಣ್ಣು ಹಸುವಾಗಿ, ಮರಿ ಕರುವಾಗಿ ಇಡೀ ಕುಟುಂಬವೇ ದನದ ಹಟ್ಟಿ ಸೇರುತ್ತದೆ. ನಾಗರಹೊಳೆಯ ಬಗ್ಗೆ ಇಂಗ್ಲಿಷ್ ವರದಿಯಲ್ಲಿ ಬುಲ್ ಎಲಿಫೆಂಟ್ ಎಂದು ಕಂಡರೆ ಅದು ಸಲಗ. ಬುಲ್ ಫ್ರಾಗ್ ಮಾತ್ರ ಈ ಸಾಲಿನದಲ್ಲ. ಅದು ಗಂಡು ಕಪ್ಪೆಯಲ್ಲ, ದಪ್ಪ ಮೈಯ, ದಪ್ಪ ದನಿಯ ಕಪ್ಪೆ. ಬುಲ್ ಶಾರ್ಕ್‌ಗೆ ಹೆಸರು ಬಂದದ್ದು ಮೊಂಡು ಮೂತಿ, ಗಡುಸು ಮೈಕಟ್ಟಿನಿಂದ. ಇಲ್ಲಿ ಪದ ಲಿಂಗವನ್ನು ಬಿಟ್ಟು ಗಾತ್ರವನ್ನೂ ಆಕಾರವನ್ನೂ ಹಿಡಿದುಕೊಂಡಿದೆ.

ಬುಲ್‌ಡಾಗ್‌ನ ಹಿಂದೆ ಇರುವುದು ನಿಜವಾದ ಗೂಳಿಯೇ, ಅದೂ ರಕ್ತಸಿಕ್ತ ಗೂಳಿ. ಗೂಳಿಯನ್ನು ಗೂಟಕ್ಕೋ ಕಬ್ಬಿಣದ ಬಳೆಗೋ ಕಟ್ಟಿ, ಅದರ ಮೂತಿ ಕಚ್ಚಿ ಹಿಡಿಯಲು ನಾಯಿಗಳನ್ನು ಛೂ ಬಿಡುವ ಆಟ ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ನಡೆಯಿತು. ಆ ಕೆಲಸಕ್ಕೆಂದು ಬೆಳೆಸಿದ ನಾಯಿ ಬುಲ್‌ಡಾಗ್. 1835ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ ಆಟವನ್ನು ನಿಲ್ಲಿಸಿತು. ನಾಯಿ ಮನೆಯ ಸಾಕುಪ್ರಾಣಿಯಾಯಿತು. ಅದರ ಬಿಡದ ಹಿಡಿತದ ನೆನಪು ಕಚೇರಿಯ ಮೇಜಿನ ಮೇಲಿರುವ ಬುಲ್‌ಡಾಗ್ ಕ್ಲಿಪ್ಪಿನಲ್ಲಿ ಉಳಿದಿದೆ. ಬರ್ಮಿಂಗ್‌ಹ್ಯಾಮ್ ನಗರದ ಬುಲ್ ರಿಂಗ್ ಎಂಬ ಪೇಟೆಯ ಹೆಸರು ಗೂಳಿಯನ್ನು ಕಟ್ಟುತ್ತಿದ್ದ ಆ ಬಳೆಯದು. ಇಂದು ಅಲ್ಲಿರುವುದು 2003ರಲ್ಲಿ ತೆರೆದ ದೊಡ್ಡ ಮಾಲ್, ಮುಂದೆ ಕಂಚಿನ ಗೂಳಿ.

ಗಾದೆ ನುಡಿಗಟ್ಟುಗಳಲ್ಲಿ ಬರುವ ಗೂಳಿಗೆ ಅನ್ಯಾಯವಾಗಿರುವುದೇ ಹೆಚ್ಚು. ಕೆಂಪು ಬಟ್ಟೆ ಕಂಡರೆ ಗೂಳಿ ಕೆರಳುತ್ತದೆ ಎಂಬ ಮಾತು ಕನ್ನಡಕ್ಕೂ ಬಂದುಬಿಟ್ಟಿದೆ. ದನಗಳ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆಯವು, ಮನುಷ್ಯನಿಗೆ ಮೂರು. ಕೆಂಪನ್ನು ಅವು ನಮ್ಮಂತೆ ಕಾಣಲಾರವು. ಸ್ಪೇನಿನ ಅಖಾಡದಲ್ಲಿ ಗೂಳಿ ನುಗ್ಗುವುದು ಬಟ್ಟೆಯ ಅಲುಗಾಟಕ್ಕೆ. ಪಿಂಗಾಣಿ ಅಂಗಡಿಗೆ ನುಗ್ಗಿದ ಗೂಳಿ ಎಂಬ ಇನ್ನೊಂದು ಇಂಗ್ಲಿಷ್ ನುಡಿಗಟ್ಟನ್ನು ಅಮೆರಿಕದ 'ಮಿತ್‌ಬಸ್ಟರ್ಸ್' ಎಂಬ ಟಿವಿ ಕಾರ್ಯಕ್ರಮದವರು ಪರೀಕ್ಷಿಸಿದ್ದರು. ಪಿಂಗಾಣಿ ಜೋಡಿಸಿದ ಕಪಾಟುಗಳ ನಡುವೆ ಗೂಳಿಗಳನ್ನು ಓಡಿಸಿದಾಗ ಅವು ಮೈ ತಾಗಿಸದೆ ನಾಜೂಕಾಗಿ ತಪ್ಪಿಸಿಕೊಂಡು ಹೋದವು.

ಸೀಸದ ಮುದ್ರೆ

ಪೋಪರ ಬುಲ್‌ಗೂ ದನಕ್ಕೂ ಯಾವ ಸಂಬಂಧವೂ ಇಲ್ಲ. ಲ್ಯಾಟಿನ್ನಿನಲ್ಲಿ 'ಬುಲ್ಲ' ಎಂದರೆ ನೀರ್ಗುಳ್ಳೆ. ಅದರಿಂದ ಗುಬುಟು, ಗುಂಡಿ, ಗುಂಡಗಿನ ತಾಯಿತ ಎಂಬ ಅರ್ಥಗಳು ಹುಟ್ಟಿದವು. ಪುರಾತನ ರೋಮಿನಲ್ಲಿ ಉಳ್ಳವರ ಗಂಡುಮಕ್ಕಳು ಪ್ರಾಯಕ್ಕೆ ಬರುವ ತನಕ ಕೊರಳಲ್ಲಿ ಬುಲ್ಲ ಎಂಬ ತಾಯಿತ ಕಟ್ಟಿಕೊಳ್ಳುತ್ತಿದ್ದರು. ಮುಂದೆ ದಾಖಲೆಗೆ ತೂಗುಹಾಕುವ ಗುಂಡು ಮುದ್ರೆಗೆ ಇದೇ ಹೆಸರಾಯಿತು, ಆಮೇಲೆ ಮುದ್ರೆ ಹೊತ್ತ ದಾಖಲೆಗೂ. ತಾಮ್ರಶಾಸನದ ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ ಬಳೆಯ ಬೆಸುಗೆಯ ಮೇಲೆ ರಾಜಲಾಂಛನ ಒತ್ತುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ, ಪಲ್ಲವರದು ಸಾಕ್ಷಾತ್ ವೃಷಭ. ಹೆಸರಿನಲ್ಲಿ ಬುಲ್ ಇರುವ ರೋಮಿನ ಮುದ್ರೆಯಲ್ಲಿ ಮಾತ್ರ ವೃಷಭವಿಲ್ಲ: ಒಂದು ಮೈಯಲ್ಲಿ ಸಂತ ಪೀಟರ್ ಮತ್ತು ಸಂತ ಪಾಲ್ ಅವರ ಮುಖಗಳು, ಇನ್ನೊಂದರಲ್ಲಿ ಪೋಪರ ಹೆಸರು. ಮುದ್ರೆಯನ್ನು ಚರ್ಮದ ಹಾಳೆಗೆ ಕಟ್ಟುವ ದಾರಕ್ಕೂ ಅರ್ಥವಿತ್ತು. ಅನುಗ್ರಹದ ಪತ್ರವಾದರೆ ರೇಷ್ಮೆ, ತೀರ್ಪು ಆಜ್ಞೆಗಳಾದರೆ ಸೆಣಬಿನ ಹುರಿ. 1878ರಲ್ಲಿ ಹದಿಮೂರನೆಯ ಲಿಯೋ ಸೀಸದ ಮುದ್ರೆಯನ್ನು ಅತಿ ಮುಖ್ಯವಾದ ಪತ್ರಗಳಿಗಷ್ಟೇ ಉಳಿಸಿ, ಉಳಿದವಕ್ಕೆ ಕೆಂಪು ಶಾಯಿಯ ಮೊಹರು ಸಾಕೆಂದರು.

ಈ ಪತ್ರಗಳಿಗೆ ಶೀರ್ಷಿಕೆ ಇರುವುದಿಲ್ಲ. ಮೊದಲ ಎರಡು ಮೂರು ಲ್ಯಾಟಿನ್ ಪದಗಳೇ ಹೆಸರು. 1493ರ 'ಇಂಟರ್ ಕೇಟೆರ' ಅಟ್ಲಾಂಟಿಕ್ ಸಾಗರದಲ್ಲಿ ಗೆರೆ ಎಳೆದು ಅದರ ಪಶ್ಚಿಮವನ್ನು ಸ್ಪೇನಿಗೆ ಕೊಟ್ಟಿತು. ಮರುವರ್ಷ ಸ್ಪೇನೂ ಪೋರ್ಚುಗಲ್ಲೂ ಟೋರ್ಡೆಸಿಲ್ಲಾಸ್ ಒಪ್ಪಂದದಲ್ಲಿ ಗೆರೆಯನ್ನು ಇನ್ನಷ್ಟು ಪಶ್ಚಿಮಕ್ಕೆ ಸರಿಸಿಕೊಂಡವು. ಪೂರ್ವದ ಕಡಲು ಪೋರ್ಚುಗೀಸರ ಪಾಲಿಗೆ ಬಂದು, ಅದರ ಬಿಸಿ ಗೋವೆಗೂ ಹೊನ್ನಾವರ ಮಂಗಳೂರುಗಳಿಗೂ ತಟ್ಟಿತು. ಗೋವೆಯ ಧರ್ಮಪ್ರಾಂತ್ಯ 1534ರಲ್ಲಿ ಸ್ಥಾಪನೆಯಾದದ್ದೂ ಮೂರನೆಯ ಪಾಲ್ ಹೊರಡಿಸಿದ ಒಂದು ಬುಲ್‌ನಿಂದ. 'ಇಂಟರ್ ಕೇಟೆರ'ವನ್ನು ಹೊರಡಿಸಿದ ಆರನೆಯ ಅಲೆಕ್ಸಾಂಡರ್ ಬೋರ್ಜಿಯ ಮನೆತನದವರು. ಆ ಮನೆತನದ ಲಾಂಛನ ಗೂಳಿ. ಎರಡು ಬೇರೆ ವಂಶದ ಬುಲ್‌ಗಳು ಒಬ್ಬರೇ ಪೋಪರ ಕೈಯಲ್ಲಿ ಕೂಡಿದ್ದು ಶುದ್ಧ ಕಾಕತಾಳೀಯ. 1520ರಲ್ಲಿ ಹತ್ತನೆಯ ಲಿಯೋ 'ಎಕ್ಸ್‌ಸರ್ಜೆ ಡೋಮಿನೆ' ಎಂಬ ಬುಲ್ ಹೊರಡಿಸಿ ಮಾರ್ಟಿನ್ ಲೂಥರನಿಗೆ ಬಹಿಷ್ಕಾರದ ಬೆದರಿಕೆ ಹಾಕಿದರು. ಆ ಪತ್ರದ ಆರಂಭದಲ್ಲೊಂದು ಪ್ರಾಣಿ ಬರುತ್ತದೆ, ದ್ರಾಕ್ಷಿತೋಟ ಹಾಳುಮಾಡುವ ಕಾಡುಹಂದಿ. ಡಿಸೆಂಬರ್ 10ರಂದು ಲೂಥರ್ ವಿಟೆನ್‌ಬರ್ಗಿನಲ್ಲಿ ಪತ್ರವನ್ನು ಬೆಂಕಿಗೆ ಹಾಕಿದ. ಚಕ್ರವರ್ತಿಗಳು ಚಿನ್ನದ ಮುದ್ರೆ ಬಳಸಿದಾಗ ಅದು ಗೋಲ್ಡನ್ ಬುಲ್. ಜರ್ಮನ್ ಸಾಮ್ರಾಟನನ್ನು ಏಳು ಮಂದಿ ಮತದಾರ ಪ್ರಭುಗಳು ಆರಿಸಬೇಕೆಂದು ನಿಯಮ ಮಾಡಿದ ನಾಲ್ಕನೆಯ ಚಾರ್ಲ್ಸ್‌ನ 1356ರ ಶಾಸನ ಅವುಗಳಲ್ಲಿ ಹೆಸರಾದದ್ದು.

ಲ್ಯಾಟಿನ್ ಬುಲ್ಲದ ಸಂತಾನ ಕನ್ನಡಿಗರ ದಿನಬಳಕೆಯಲ್ಲೂ ತುಂಬಿಕೊಂಡಿದೆ. ಹೋಟೆಲಿನ ಬಿಲ್ಲು, ಶಾಸನಸಭೆಯ ಬಿಲ್ಲು ಎರಡೂ ಮಧ್ಯಯುಗದ ಲ್ಯಾಟಿನ್ನಿನ 'ಬಿಲ್ಲ'ದಿಂದ ಬಂದವು, ಅದು ಬುಲ್ಲದ ರೂಪಾಂತರ. ಆಕಾಶವಾಣಿಯ ಬುಲೆಟಿನ್ ಇಟಾಲಿಯನ್ನಿನಲ್ಲಿ ಪುಟ್ಟ ಬುಲ್ಲ. ಗುಂಡು ಎಂಬ ಅರ್ಥ ತಾಳಿದ ಫ್ರೆಂಚ್ 'ಬೂಲ್'ನಿಂದ ಬಂದೂಕಿನ ಬುಲೆಟ್ ಬಂತು, ಕ್ರಿಕೆಟ್ಟಿನ ಬೌಲಿಂಗ್ ಬಂತು. ಗುಳ್ಳೆ ಏಳುವುದರಿಂದ ಕುದಿಯುವುದಕ್ಕೆ ಬಾಯ್ಲ್ ಎಂದಾಯಿತು. ನಮ್ಮ ಪತ್ರಿಕೆಗಳು ಚಿನಿವಾರ ಪೇಟೆ ಎಂದು ಬರೆಯುವ ಬುಲಿಯನ್ ಕೂಡ ಲೋಹ ಕರಗಿಸಿ ಕುದಿಸುವುದಕ್ಕೇ ಸೇರಿದ್ದು. ಬುಲೆಟ್ ಬೈಕಿನ ಸವಾರನಿಗೆ ತನ್ನ ಗಾಡಿಯ ಹೆಸರಿನಲ್ಲಿ ಗೂಳಿಯ ಗತ್ತು ಕಂಡರೆ ಕಾಣಲಿ, ವ್ಯುತ್ಪತ್ತಿ ಅದಕ್ಕೆ ಒಪ್ಪುವುದಿಲ್ಲ.

ಗೂಳಿ ಮತ್ತು ಕರಡಿ

ಷೇರುಪೇಟೆಯ ಬುಲ್ ಮತ್ತೆ ಕೊಂಬಿನ ವಂಶಕ್ಕೆ ಸೇರಿದ್ದು, ಆದರೆ ಪೇಟೆಗೆ ಮೊದಲು ಬಂದದ್ದು ಕರಡಿ. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮ ಮಾರಬೇಡ ಎಂಬ ಹಳೆಯ ಗಾದೆಯೊಂದಿತ್ತು. ಕೈಯಲ್ಲಿಲ್ಲದ ಷೇರನ್ನು ಇಂದಿನ ಬೆಲೆಗೆ ಮಾರಿ, ಬೆಲೆ ಇಳಿದ ಮೇಲೆ ಅಗ್ಗಕ್ಕೆ ಕೊಂಡು ಒಪ್ಪಿಸುವ ದಲಾಲರಿಗೆ ಹದಿನೆಂಟನೆಯ ಶತಮಾನದ ಆರಂಭದ ಲಂಡನ್ನಿನಲ್ಲಿ ಕರಡಿಚರ್ಮದ ದಲಾಲರೆಂಬ ಹೆಸರು ಬಿತ್ತು. ಕರಡಿಗೆ ಎದುರಾಳಿ ಬೇಕಲ್ಲ, ಗೂಳಿ ಬಂತು. ನಾಯಿ ಛೂ ಬಿಡುವ ಆಟದಲ್ಲಿ ಕರಡಿ ಗೂಳಿ ಎರಡೂ ಬಲಿಪಶುಗಳಾಗಿ ಜನರಿಗೆ ಚಿರಪರಿಚಿತವಾಗಿದ್ದುದು ಈ ಜೋಡಿಗೆ ದಾರಿ ಮಾಡಿರಬೇಕು. ಗೂಳಿ ಕೊಂಬಿನಿಂದ ಮೇಲಕ್ಕೆ ಎಸೆಯುತ್ತದೆ, ಕರಡಿ ಪಂಜದಿಂದ ಕೆಳಕ್ಕೆ ಹೊಡೆಯುತ್ತದೆ, ಆದ್ದರಿಂದ ಏರಿಕೆ ಇಳಿಕೆ ಎಂಬ ವಿವರಣೆ ನೆನಪಿಡಲು ಸುಲಭ. ಅದು ಆಮೇಲೆ ಕಟ್ಟಿದ ಕಥೆ. 1761ರಲ್ಲಿ ಥಾಮಸ್ ಮಾರ್ಟಿಮರ್ ಬರೆದ ಷೇರು ವ್ಯವಹಾರದ ಕೈಪಿಡಿಯಲ್ಲಿ ಬುಲ್ ಎಂದರೆ ಯಾರೆಂಬುದು ಸ್ಪಷ್ಟವಾಗಿದೆ. ಕೈಯಲ್ಲಿ ದುಡ್ಡಿಲ್ಲದೆ ಷೇರು ಕೊಳ್ಳಲು ಒಪ್ಪಿ, ಲೆಕ್ಕ ಚುಕ್ತಾ ಮಾಡುವ ದಿನದೊಳಗೆ ಹೆಚ್ಚಿನ ಬೆಲೆಗೆ ದಾಟಿಸಿಬಿಡುವ ಆಸೆಯವನು. ಇಂದಿನ ಪತ್ರಿಕೆಗಳಲ್ಲಿ ಗೂಳಿ ಎಂದರೆ ಆಶಾವಾದಿ. ಅಂದಿನ ಗೂಳಿ ಸಾಲದ ಜೂಜುಗಾರ.

ಮುಂಬಯಿಯ ದಲಾಲರಿಗೆ ಇದಕ್ಕೆ ತಮ್ಮದೇ ಮಾತಿತ್ತು: ತೇಜಿ, ಮಂದಿ, ಏರಿಕೆ ನಂಬಿದವನು ತೇಜಿವಾಲಾ, ಇಳಿಕೆ ನಂಬಿದವನು ಮಂದಿವಾಲಾ. ಕನ್ನಡದ ವಾಣಿಜ್ಯ ಪುಟ ಇಂಗ್ಲಿಷನ್ನೇ ಅನುಸರಿಸಿ ಗೂಳಿ ಓಟ, ಕರಡಿ ಕುಣಿತ ಎಂದು ಶೀರ್ಷಿಕೆ ಕೊಡುತ್ತದೆ. ಕರಡಿ ಕುಣಿತ ಮೂಲದಲ್ಲಿಲ್ಲದ, ನಮ್ಮವರು ಸೇರಿಸಿದ ಸೊಗಸು. 1992ರ ಷೇರು ಹಗರಣದ ಹರ್ಷದ್ ಮೆಹ್ತಾ 'ಬಿಗ್ ಬುಲ್' ಎಂದೇ ಹೆಸರಾದ.

ಗೂಳಿಯ ಪ್ರತಿಮೆಗಳಲ್ಲಿ ಜಗತ್ತಿಗೆ ಗೊತ್ತಿರುವುದು ನ್ಯೂಯಾರ್ಕಿನದು. 1987ರ ಷೇರು ಕುಸಿತದ ನಂತರ ಅಮೆರಿಕನ್ನರಿಗೆ ಧೈರ್ಯ ತುಂಬಬೇಕೆಂದು ಶಿಲ್ಪಿ ಆರ್ತುರೊ ದಿ ಮೋದಿಕಾ ತನ್ನದೇ ಖರ್ಚಿನಲ್ಲಿ ಮೂರು ಟನ್ನಿಗೂ ಹೆಚ್ಚು ತೂಕದ ಕಂಚಿನ ಗೂಳಿ ಎರಕಹೊಯ್ಸಿದ. 1989ರ ಡಿಸೆಂಬರಿನ ಒಂದು ರಾತ್ರಿ ಅದನ್ನು ಲಾರಿಯಲ್ಲಿ ತಂದು, ಯಾರ ಅನುಮತಿಯನ್ನೂ ಕೇಳದೆ, ಷೇರು ವಿನಿಮಯ ಕೇಂದ್ರದ ಮುಂದೆ ಇಳಿಸಿ ಹೋದ. ಮರುದಿನವೇ ಅದನ್ನು ಎತ್ತಿ ಸಾಗಿಸಲಾಯಿತು. ಜನ ಬಿಡಲಿಲ್ಲ, ಕೆಲವೇ ದಿನಗಳಲ್ಲಿ ಗೂಳಿ ಹತ್ತಿರದ ಬೌಲಿಂಗ್ ಗ್ರೀನ್ ಎಂಬ ಉದ್ಯಾನದ ಬಳಿ ನಿಂತಿತು, ಈಗಲೂ ಅಲ್ಲೇ ಇದೆ. 1733ರಲ್ಲಿ ಗುಂಡು ಉರುಳಿಸುವ ಆಟಕ್ಕೆಂದು ಗುತ್ತಿಗೆ ಕೊಟ್ಟ ಜಾಗ ಅದು. ಬೌಲಿಂಗ್ ಎಂಬ ಹೆಸರು ಬುಲ್ಲದ ಪೀಳಿಗೆಯದೆಂದು ಮೇಲೆ ನೋಡಿದೆವು. ಮುಂಬಯಿಯ ದಲಾಲ್ ಸ್ಟ್ರೀಟಿಗೂ 2008ರ ಜನವರಿಯಲ್ಲಿ ಕಂಚಿನ ಗೂಳಿ ಬಂತು. ಆ ತಿಂಗಳು 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 8,000ದ ಕೆಳಗಿತ್ತು. ಫ್ರಾಂಕ್‌ಫರ್ಟಿನವರು ಜಾಣರು, ಷೇರುಪೇಟೆಯ ಮುಂದೆ ಗೂಳಿಯ ಜೊತೆ ಕರಡಿಯನ್ನೂ ನಿಲ್ಲಿಸಿದ್ದಾರೆ.

ಬುರುಡೆ

ಹಳೆಯ ಫ್ರೆಂಚಿನಲ್ಲಿ 'ಬೂಲ್' ಎಂದರೆ ಮೋಸ. ಮೂರನೆಯ ವಂಶ ಇದರದ್ದು. ಇಂದು ಯಾರಾದರೂ ಇಂಗ್ಲಿಷಿನಲ್ಲಿ ಒಂದು ಮಾತನ್ನು ಬುಲ್ ಎಂದು ತಳ್ಳಿಹಾಕಿದರೆ ಅದು ಗೂಳಿಯ ಸಗಣಿ ಎಂಬ ಬೈಗುಳದ ಮರ್ಯಾದೆಯ ಮೊಟಕು ಎಂದೇ ಎಲ್ಲರೂ ತಿಳಿಯುತ್ತಾರೆ. ಕಾಲಕ್ರಮ ನೋಡಿದರೆ ಬುರುಡೆ ಎಂಬರ್ಥದ ಬುಲ್ ಹದಿನೇಳನೆಯ ಶತಮಾನದಲ್ಲೇ ಇದೆ, ಸಗಣಿ ಸೇರಿದ್ದು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ. ಆ ಬೈಗುಳದ ಮೊದಲ ಲಿಖಿತ ಉದಾಹರಣೆಗಳಲ್ಲೊಂದು ಕವಿ ಟಿ. ಎಸ್. ಎಲಿಯಟ್ ಯೌವನದಲ್ಲಿ ಬರೆದ ಪದ್ಯವೊಂದರ ಶೀರ್ಷಿಕೆ. ಬೈಗುಳಕ್ಕೆ ತತ್ತ್ವಶಾಸ್ತ್ರದ ಮಾನ ಸಿಕ್ಕಿದ್ದು ಹ್ಯಾರಿ ಫ್ರಾಂಕ್‌ಫರ್ಟ್ ಅವರಿಂದ. 1986ರಲ್ಲಿ ಪ್ರಬಂಧವಾಗಿ ಬಂದು 2005ರಲ್ಲಿ ಪುಟ್ಟ ಪುಸ್ತಕವಾದ ಅವರ ವಾದದ ತಿರುಳು ಹೀಗೆ: ಸುಳ್ಳುಗಾರನಿಗೆ ಸತ್ಯ ಯಾವುದೆಂಬ ಲೆಕ್ಕವಾದರೂ ಇರುತ್ತದೆ, ಅದನ್ನು ಮರೆಮಾಚುವುದು ಅವನ ಕೆಲಸ, ಬುರುಡೆ ಬಿಡುವವನಿಗೆ ನಿಜ ಸುಳ್ಳುಗಳ ಗೊಡವೆಯೇ ಇಲ್ಲ. ಆದ್ದರಿಂದ ಎರಡನೆಯವನು ಸತ್ಯಕ್ಕೆ ಹೆಚ್ಚು ದೊಡ್ಡ ಶತ್ರು.

ಐರಿಷ್ ಬುಲ್ ಎಂಬುದು ಇದಕ್ಕಿಂತ ಮುಗ್ಧವಾದದ್ದು. ಕೇಳುವಾಗ ಸರಿಯೆನಿಸಿ, ಮರುಕ್ಷಣ ತನ್ನ ಕಾಲನ್ನೇ ತಾನು ಕತ್ತರಿಸಿಕೊಳ್ಳುವ ಮಾತು. ಹಕ್ಕಿಯಾಗಿದ್ದರೆ ಸರಿ, ಇಲ್ಲದಿದ್ದರೆ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲು ಹೇಗೆ ಸಾಧ್ಯ ಎಂದು ಡಬ್ಲಿನ್ ಪಾರ್ಲಿಮೆಂಟಿನ ಸದಸ್ಯ ಸರ್ ಬಾಯ್ಲ್ ರೋಶ್ ಕೇಳಿದನೆಂದು ಪ್ರತೀತಿ. ಇಂಥ ಮಾತುಗಳನ್ನು ಐರಿಷರ ತಲೆಗೆ ಕಟ್ಟಿ ನಗುವುದು ಇಂಗ್ಲಿಷರ ಚಾಳಿಯಾಗಿತ್ತು. ಅದಕ್ಕೆ ಉತ್ತರವಾಗಿ ಕಾದಂಬರಿಗಾರ್ತಿ ಮರಾಯ ಎಜ್‌ವರ್ತ್ ತಂದೆಯ ಜೊತೆ ಸೇರಿ 1802ರಲ್ಲಿ ಪುಸ್ತಕವನ್ನೇ ಬರೆದಳು. ಇಂಥ ಆಭಾಸ ಎಲ್ಲ ಭಾಷೆಗಳಲ್ಲೂ, ಇಂಗ್ಲಿಷರ ದೊಡ್ಡ ಸಾಹಿತಿಗಳಲ್ಲೂ ಇದೆ ಎಂಬುದು ಅದರ ವಾದ.

ಬುಲ್ಡೋಜರ್ ಎಲ್ಲಿಗೆ ಸೇರಬೇಕು? ಕೊಂಬಿನ ವಂಶಕ್ಕೇ. ಆದರೆ ಅದು ಹುಟ್ಟಿದಾಗ ಯಂತ್ರವಾಗಿರಲಿಲ್ಲ, ಮನುಷ್ಯನಾಗಿತ್ತು. 1876ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಲೂಸಿಯಾನಾ ರಾಜ್ಯದಲ್ಲಿ ಕಪ್ಪು ಮತದಾರರನ್ನು ಚಾವಟಿಯಿಂದ ಹೊಡೆದು ಬೆದರಿಸುತ್ತಿದ್ದ ಬಿಳಿಯರ ಗುಂಪುಗಳಿಗೆ ಬುಲ್ಡೋಜರ್‌ಗಳೆಂದು ಹೆಸರು. ಗೂಳಿಗೆ ಸಾಕಾಗುವಷ್ಟು 'ಡೋಸು' ಹೊಡೆತ ಎಂಬುದು ಒಳಗಿನ ಅರ್ಥ. ಮುಂದೆ ಕಬ್ಬಿಣ ಬಗ್ಗಿಸುವ ಒತ್ತುಯಂತ್ರಕ್ಕೆ ಆ ಹೆಸರು ಹೋಯಿತು; 1920ರ ದಶಕದಲ್ಲಿ ಕ್ಯಾನ್ಸಸ್ಸಿನ ಕಮಿಂಗ್ಸ್ ಮತ್ತು ಮೆಕ್ಲಿಯಡ್ ಎಂಬಿಬ್ಬರು ಟ್ರ್ಯಾಕ್ಟರಿನ ಮೂತಿಗೆ ಮಣ್ಣು ನೂಕುವ ಅಲಗು ಕಟ್ಟಿ 1925ರಲ್ಲಿ ಪೇಟೆಂಟ್ ಪಡೆದ ಮೇಲೆ ಪದ ಮಣ್ಣಿನ ಕೆಲಸಕ್ಕೆ ಇಳಿಯಿತು. ಭಾರತದಲ್ಲಿ ಇಂಥ ಯಂತ್ರಗಳನ್ನು ಮಾಡುವ ಸರ್ಕಾರಿ ಕಂಪನಿ ಬೆಮೆಲ್‌ನ ದೊಡ್ಡ ಕಾರ್ಖಾನೆ ಇರುವುದು ಕೆಜಿಎಫ್‌ನಲ್ಲಿ. ಟಿವಿ ಸುದ್ದಿಯಲ್ಲಿ ಮನೆ ಕೆಡವುತ್ತ ಬುಲ್ಡೋಜರ್ ಎನಿಸಿಕೊಳ್ಳುವುದು ಬಹುಪಾಲು ಜೆಸಿಬಿ: ಮುಂದೆ ಬಕೆಟ್, ಹಿಂದೆ ಅಗೆಯುವ ಕೈ ಇರುವ ಬೇರೆಯೇ ಯಂತ್ರ. ಹೆಸರು ತಪ್ಪಿದರೂ, ಬೆದರಿಸುವವನು ಎಂಬ ಮೊದಲ ಅರ್ಥ ಇಲ್ಲಿ ತಾನಾಗಿ ಮರಳಿ ಬಂದಿದೆ.

ಕಣ್ಣು, ಮೂಗು

ಬುಲ್ಸ್ ಐ ಎಂದರೆ ಗುರಿಹಲಗೆಯ ನಡುವಣ ಕಪ್ಪು ವೃತ್ತ, ಡಾರ್ಟ್ಸ್ ಆಟದಲ್ಲಿ 50 ಅಂಕದ ಪುಟ್ಟ ಬಿಂದು. ಹಡಗಿನ ಅಟ್ಟದಲ್ಲಿ ಬೆಳಕಿಗಾಗಿ ಕೂರಿಸುವ ದಪ್ಪ ಗಾಜು, ವಿಕ್ಟೋರಿಯಾ ಕಾಲದ ಲಂಡನ್ ಪೊಲೀಸನ ಲಾಂದ್ರ, ಗುಂಡಗಿನ ಪೆಪ್ಪರ್‌ಮಿಂಟು ಎಲ್ಲಕ್ಕೂ ಇದೇ ಹೆಸರು. ಇವುಗಳಲ್ಲಿ ಕಿಟಕಿ ಗಾಜಿನ ಕಥೆ ಸ್ವಾರಸ್ಯವಾದದ್ದು. ಹಿಂದೆ ಗಾಜಿನವರು ಕಾದ ಗಾಜನ್ನು ಊದಿ, ಸಲಾಕೆಯ ತುದಿಗೆ ಅಂಟಿಸಿ ಗಿರಗಿರನೆ ತಿರುಗಿಸಿ ತಟ್ಟೆಯಾಗಿ ಹರಡುತ್ತಿದ್ದರು. ಅಂಚಿನ ತೆಳು ಗಾಜು ಉಳ್ಳವರ ಕಿಟಕಿಗೆ ಹೋಗುತ್ತಿತ್ತು. ಸಲಾಕೆ ಅಂಟಿದ್ದ ನಡುವಿನಲ್ಲಿ ಉಬ್ಬು ಗಂಟು ಉಳಿಯುತ್ತಿತ್ತು. ಅದರ ಮೂಲಕ ನೋಡಿದರೆ ಆಚೆಯದೆಲ್ಲ ಸೊಟ್ಟ, ಹಾಗಾಗಿ ಅಗ್ಗ. ಆ ಗಂಟೇ ಬುಲ್ಸ್ ಐ. ಈಗ ಅದನ್ನು ಹಳೆಗಾಲದ ಚೆಂದವೆಂದು ಬೇಕೆಂದೇ ಮಾಡಿಸಿ ಕೂರಿಸುತ್ತಾರೆ.

ದಕ್ಷಿಣ ಭಾರತದಲ್ಲಿ ಈ ಪದಕ್ಕೆ ಬ್ರಿಟನ್ನಿನ ನಿಘಂಟು ಕಾಣದ ಬದುಕಿದೆ. ಬೆಂಗಳೂರಿನ ಮಿಲಿಟರಿ ಹೋಟೆಲಿನಲ್ಲೋ ರಾತ್ರಿಯ ಎಗ್ ಗಾಡಿಯಲ್ಲೋ ಬುಲ್ಸ್ ಐ ಎಂದರೆ ಕಾವಲಿಯ ಮೇಲೆ ಹಳದಿ ಒಡೆಯದಂತೆ ಒಡೆದು ಹಾಕಿ, ಮಗುಚದೆ, ಮೇಲೊಂದಿಷ್ಟು ಮೆಣಸಿನಪುಡಿ ಉದುರಿಸಿ ಕೊಡುವ ಮೊಟ್ಟೆ. ಕೇರಳ, ತಮಿಳುನಾಡಿನಲ್ಲೂ ಹೀಗೆಯೇ. ಬುಲ್ ನೋಸ್ ಅನ್ನು ಕೇಳಬೇಕಾದರೆ ಗ್ರಾನೈಟ್ ಅಂಗಡಿಗೆ ಹೋಗಬೇಕು. ಅಡುಗೆಮನೆ ಕಟ್ಟೆಯ, ಮೆಟ್ಟಿಲಿನ ಕಲ್ಲಿನ ಅಂಚನ್ನು ಅರೆಗುಂಡಾಗಿ ಉಜ್ಜಿ ನುಣುಪು ಮಾಡುವ ಕೆಲಸ ಅದು. ಮಜೂರಿಯನ್ನು ಅಡಿ ಲೆಕ್ಕದಲ್ಲಿ ಬರೆಯುತ್ತಾರೆ.

ಹೆಸರುಗಳಲ್ಲಿ

ಜಾನ್ ಬುಲ್ ಇಂಗ್ಲೆಂಡನ್ನೇ ಒಬ್ಬ ಮನುಷ್ಯನಾಗಿ ಕಲ್ಪಿಸಿದ ಹೆಸರು. 1712ರಲ್ಲಿ ವೈದ್ಯನೂ ವಿಡಂಬನಕಾರನೂ ಆಗಿದ್ದ ಜಾನ್ ಆರ್ಬತ್‌ನಾಟ್ ಯುರೋಪಿನ ಯುದ್ಧವೊಂದನ್ನು ನೆರೆಹೊರೆಯ ಕೋರ್ಟು ವ್ಯಾಜ್ಯದಂತೆ ಬರೆದ. ಅದರಲ್ಲಿ ಇಂಗ್ಲೆಂಡು ಜವಳಿ ವ್ಯಾಪಾರಿ ಬುಲ್, ಹಾಲೆಂಡು ನಿಕೊಲಾಸ್ ಫ್ರಾಗ್ ಎಂಬ ಕಪ್ಪೆ, ಫ್ರಾನ್ಸಿನ ದೊರೆ ಲೂಯಿ ಬಬೂನ್ ಎಂಬ ಕೋತಿ. ಕಪ್ಪೆ ಕೋತಿಗಳು ಮರೆತುಹೋದವು. ಹೊಟ್ಟೆ ಬೆಳೆಸಿ ಟೊಪ್ಪಿ ಹಾಕಿದ ಬುಲ್ ವ್ಯಂಗ್ಯಚಿತ್ರಕಾರರ ಕೈಯಲ್ಲಿ ಎರಡು ಶತಮಾನ ಬಾಳಿದ.

ಷಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಆ ನಗರದ ದನದ ಮಂಡಿಗಳನ್ನು ನೆನೆಯುತ್ತದೆ. ಲ್ಯಾಂಬೋರ್ಗಿನಿ ಕಾರಿನ ಗೂಳಿ ಸ್ಥಾಪಕನ ಜನ್ಮರಾಶಿ ವೃಷಭ. ಲಕೋಟ ಜನರ ನಾಯಕ ಸಿಟ್ಟಿಂಗ್ ಬುಲ್‌ನ ಹೆಸರಿನಲ್ಲಿರುವುದು ದನವಲ್ಲ, ಗಂಡು ಕಾಡೆಮ್ಮೆ. ಅವನ ಭಾಷೆಯಲ್ಲಿ ಅದಕ್ಕೆ ಬೇರೆಯದೇ ಪದವಿತ್ತು, ಇಂಗ್ಲಿಷಿಗೆ ಬಂದಾಗ ಬುಲ್ ಎಂದಷ್ಟೇ ಆಯಿತು. ಇದೇ ಬಗೆಯ ನಷ್ಟ ರೆಡ್ ಬುಲ್ ಡಬ್ಬಿಯ ಮೇಲೂ ಇದೆ. ಥಾಯ್ಲೆಂಡಿನಲ್ಲಿ ಲಾರಿ ಚಾಲಕರೂ ಕೂಲಿಗಳೂ ಕುಡಿಯುತ್ತಿದ್ದ 'ಕ್ರತಿಂಗ್ ದೇಂಗ್' ಎಂಬ ಪೇಯವನ್ನು ಆಸ್ಟ್ರಿಯದ ಡೀಟ್ರಿಚ್ ಮಾಟೆಶಿಟ್ಸ್ ಅಲ್ಲಿನ ಮಾಲೀಕನ ಜೊತೆ ಪಾಲುದಾರನಾಗಿ, ರುಚಿ ಬದಲಿಸಿ, 1987ರಲ್ಲಿ ತನ್ನ ದೇಶದಲ್ಲಿ ಮಾರಾಟಕ್ಕಿಟ್ಟ. ದೇಂಗ್ ಎಂದರೆ ಕೆಂಪು. ಕ್ರತಿಂಗ್ ಎಂದರೆ ಗೂಳಿಯಲ್ಲ. ಬಂಡೀಪುರ, ಭದ್ರಾ ಕಾಡುಗಳಲ್ಲಿ ಮೊಣಕಾಲ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತೆ ಕಾಣುವ ಕಾಟಿ. ಡಬ್ಬಿಯ ಮೇಲೆ ತಲೆ ತಗ್ಗಿಸಿ ಎದುರುಬದುರು ನುಗ್ಗುತ್ತಿರುವ ಕೆಂಪು ಪ್ರಾಣಿಗಳು ಅವೇ.